ಜಗಲಿ ಮ್ಯಾಲಿನವರು

ಶಕ್ತಿನಗರದಾಗ ವರ್ಗ ಆದವರು
ಗ್ಯಾಸು, ಬೀರು, ತುಳಸಿ ಕುಂಡಿ ಸುದ್ದ ಲಾರಿಗೆ ಏರಿಸ್ತಾರ.
ಖಾಲಿ ಕ್ವಾರ್ಟರ್ಸಿನ ಕೀಲಿಕೈ ನನ್ನ ಕೈಗೆ.
ಕಸಬರಿಗಿ, ಫಿನಾಯಿಲು, ಒಂದು ತಾಸು ಟೈಮು.
ಹಲ್ಲಿ ತತ್ತಿ, ಹಳೇ ಕರೆಂಟ್ ಬಿಲ್ಲು, ಹಲ್ಲು ಮುರಿದ ಹಣಿಗಿ
ಎಲ್ಲಾ ಕಸಬರಿಗಿಗೆ ಬರ್ತಾವ.
ದೇವರು ಬರಂಗಿಲ್ಲ.
ಗುಡ್ಯಾಗಿನದನ್ನ ಗುಡಿಸಬಾರದು
ಅಂತಿದ್ದಳು ನಮ್ಮವ್ವ.

ನನ್ನ ಹೆಸರು ಮೌಲಮ್ಮ.
ಮೂರು ಕೂಸು ಮಣ್ಣಿಗಿಟ್ಟ ನಮ್ಮವ್ವ
ಅಲಾಯಿ ಕುಣಿ ಸುತ್ತ ಹಸಿ ಸೀರ್ಯಾಗ ತಿರುಗಿ
ಬೇಡಿಕೊಂಡ ನಾಲ್ಕನೇದು ನಾನು.
ಮನಿದೇವರು ಸೂಗೂರೇಶ.
ಇದಕ್ಕ ಊರಾಗ ಯಾರೂ ಏನೂ ಅಂದಿಲ್ಲ,
ಸೂಗಪ್ಪನೂ ಅಂದಿಲ್ಲ.

ಗೋಡಿಗೆ ಎರಡು ಹಲಗಿ ಬಡಿಸೀನಿ.
ಅತ್ತಿಯ ಎಲ್ಲಮ್ಮನ ಪಡಲಗಿ ಮೊದಲಿಂದಲೂ ಅದ.
ಮಗ್ಗಲಕ ಫಿಟ್ಟರ್ ವರ್ಗೀಸ ಬಿಟ್ಟ ಮೇರಿಯವ್ವ,
ಮೂಗು ಒಡದದ್ದಕ್ಕ ಬಿಟ್ಟನೋ, ಮರತನೋ.
ಭಿನ್ನ ಆದದ್ದು ಮನ್ಯಾಗ ಇಡಬಾರದಂತ.
ನನ್ನ ಎಡಗೈಗೆ ಎರಡು ಬೆರಳಿಲ್ಲ,
ನಾನೇ ಇದ್ದೀನಲ್ಲ.

ಕಲ್ಲಿದ್ದಲ ಕಾಂಟ್ರಾಕ್ಟರನ ಗಡ್ಡದಜ್ಜ ಅಂಗೈ ಎತ್ತಿ ಕುಂತಾನ.
ಸ್ಟೋರ್ ಕೀಪರ್ ಮನಿಯವರ ಹಸಿರು ಅಕ್ಷರದ ಪಟ:
ಓದಾಕ ಬರಂಗಿಲ್ಲ.
ಹಂಗ ನೋಡಿದ್ರ ಕನ್ನಡಾನೂ ಬರಂಗಿಲ್ಲ ನನಗ.
ಕುಂಕುಮ ಹಚ್ಚಾಕ ಹೋದೆ,
ಮೂಲಿಮನಿ ಖಾತೂನ್‌ಬಿ ಕೈ ಹಿಡಿದಳು:
"ಅದಕ್ಕ ಏನೂ ಬ್ಯಾಡವ್ವ, ಎತ್ತರಕ್ಕ ಇಡು, ಸಾಕು."
ಏನೂ ಬೇಡದ ದೇವರು ನನಗ ಹೊಸದು.
ಎಲ್ಲಾರಕಿಂತ ಮ್ಯಾಲ ಇಟ್ಟೆ.

ರಾತ್ರಿಯೆಲ್ಲ ಚಿಮಣಿ ಬೂದಿ ಬೀಳ್ತದ,
ಮುಂಜಾನೆ ಒಬ್ಬೊಬ್ಬರದೇ ಮುಖ ಒರೆಸ್ತೀನಿ.
"ನಿನಗ ವಿಭೂತಿ ಖರ್ಚಿಲ್ಲ ಬಿಡು" ಅಂತಾನ ತಾಯಪ್ಪ.
"ಇದು ಮನಿಯೋ ಛತ್ರಾನೋ? ನನ್ನ ಅಂಗಿ ಇಡಾಕ ಜಾಗಿಲ್ಲ."

ಹಳದಿ ಕೂಸು ಸಿಕ್ಕಿದ್ದು ಸಿ-ನಲವತ್ತೊಂದರಾಗ,
ಬೀರು ಎತ್ತಿದ ಮೂಲ್ಯಾಗ, ಜೇಡರ ಬಲಿಯೊಳಗ.
ಗೇಣುದ್ದ ಕಟಗಿ. ಕೈಯಿಲ್ಲ, ಕಾಲಿಲ್ಲ,
ಮುಖದ ತುಂಬ ಕಣ್ಣು, ರೆಪ್ಪಿ ಬಡಿಯಂಗಿಲ್ಲ.
ಹೆಣ್ಣೋ ಗಂಡೋ ತಿಳಿವಲ್ದು.
ಎಲ್ಲಮ್ಮಗೂ ಮೇರಿಯವ್ವಗೂ ನಡುವ ಕುಂದ್ರಿಸಿದೆ,
ಅತ್ತರ ಇಬ್ಬರಾಗ ಒಬ್ಬರು ಎತ್ತಿಕೊಂತಾರ.
ಏನು ಉಣ್ತದೋ ಗೊತ್ತಿರಲಿಲ್ಲ,
ಸಜ್ಜಿರೊಟ್ಟಿ ತುಣುಕು, ಚೂರು ಬೆಲ್ಲ ಇಟ್ಟೆ.
ಆರು ವರ್ಷ ಒಲ್ಲೆ ಅಂದಿಲ್ಲ.

ಹೋದ ದಸರಿಗೆ ಗೇಟಿನ ವಾಚ್‌ಮನ್ ಫೋನ್ ಹಿಡಕೊಂಡು ಬಂದ.
ಬೆಹೆರಾ ಮೇಡಮ್ಮೋರು, ಒಡಿಶಾದಿಂದ.
ಕಲಿತ ಕನ್ನಡ ಅರ್ಧ ಸವೆದಿತ್ತು:
"ಮೌಲಮ್ಮಾ, ನಮ್ದು ಒಂದು ತಂಗಿ ಅಲ್ಲಿ ಇದೆ ಏನು?
ಹಳದಿ ಇದೆ. ಎರಡು ಅಣ್ಣ ಇಲ್ಲಿ. ನಡುವೆ ಖಾಲಿ."

ಹೆಣ್ಣು ಅಂತ ಅವತ್ತು ತಿಳೀತು.
ಬೆನ್ನಿಗೆ ಇಬ್ಬರು ಅಣ್ಣಂದಿರಿದ್ದ ಹೆಣ್ಣು
ಪರರ ಮನಿ ಹಲಗಿ ಮ್ಯಾಲ
ಒಂದು ಮಾತಾಡದೆ ಕುಂತಿತ್ತು.

ಕಳಿಸೋ ಮುಂದ ಉಡಿ ತುಂಬಬೇಕಲ್ಲ.
ಕೈಯಿಲ್ಲದಾಕಿ ಸೆರಗು ಹ್ಯಾಂಗ ಒಡ್ಡಬೇಕು?
ಥರ್ಮಾಕೋಲ್ ಡಬ್ಬಿನೇ ಉಡಿ ಅಂದುಕೊಂಡೆ:
ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲ,
ಉತ್ತತ್ತಿ, ಅರಿಷಿಣ ಬೇರು, ಹಸಿರು ಖಣ.
ಉಳಿದ ಸಂದಿಗೆ ಬೆಲ್ಲ, ರೂಢಿ ಬಿದ್ದದ ಅಂತ.

ರಾಯಚೂರ ಕೊರಿಯರ್ ಹುಡುಗ ತೂಕ ಮಾಡಿದ.
"ಒಳಗ ಏನದ?"
ಹೆಣ್ಣುಮಗಳು ತವರಿಗೆ ಹೊಂಟಾಳಪಾ ಅನ್ನಾಕ ಬಾಯಿ ತೆಗೆದೆ.
"ಆಟಿಗಿ ಸಾಮಾನು" ಅಂದೆ.
ನೂರಾ ಎಂಬತ್ತು ರೂಪಾಯಿ.

ಹಲಗಿ ಮ್ಯಾಲ ಕುಂತ ಗುರುತು ಇನ್ನೂ ಅದ,
ಸುತ್ತ ದೀಪದ ಮಸಿ, ನಡುವ ಬರೇ ಕಟಗಿ ಬಣ್ಣ.
ಎಲ್ಲಾ ಒರೆಸ್ತೀನಿ, ಅದೊಂದು ಬಿಡ್ತೀನಿ.

ಮೊನ್ನಿಂದ ತಾಯಪ್ಪ ಅಲ್ಲಿ ಕಡ್ಡಿಪೆಟ್ಟಿಗಿ ಇಡಾಕ ಹತ್ಯಾನ.
ಬೀಡಿ ಹಚ್ಚಿ, ಸುಮ್ಮನ ಒಗೆಯಂಗಿಲ್ಲ,
ತಿರುಗಿ ತಂದು ಸರಿಯಾಗಿ ನಡುವಿಗೇ ಇಡ್ತಾನ.
ತೆಗಿ ಅನ್ನಬೇಕು.
ಇನ್ನೂ ಅಂದಿಲ್ಲ.